ಪದ ಬೇಕು: ಕ್ವಾರಿಯ ‘ಸ್ಲೋಪ್ ಸ್ಟೆಬಿಲಿಟಿ’ಗೆ ಕನ್ನಡ (ಬೋರ್ಡಿಗೆ, ತುರ್ತು)

> ಅಂಕೋಲಾ ಕಡೆಯ ಒಂದು ಕಲ್ಲು ಕ್ವಾರಿಗೆ ಬೋರ್ಡ್, ಜೊತೆಗೆ ಕೆಲಸಗಾರರಿಗೆ ಹತ್ತು ಪುಟದ ಕೈಪಿಡಿ. ‘ರಾಕ್ ಸ್ಲೋಪ್ ಸ್ಟೆಬಿಲಿಟಿ ಮಾನಿಟರಿಂಗ್’ಗೆ (ಕಡಿದ ಕಲ್ಲಿನ ಗೋಡೆ ಭದ್ರವಾಗಿದೆಯೇ ಅಂತ ನೋಡ್ತಾ ಇರೋದು) ಏನು ಹಾಕಲಿ? ಪೇಂಟರ್ ನಾಳೆ ಬರ್ತಾನೆ.

ಸ್ಲೋಪ್‌ಗೆ ‘ಇಳಿಜಾರು’ ಬೇಡ. ಇಳಿಜಾರು ಅಂದರೆ ಪೆಡಲ್ ತುಳಿಯದೆ ಸೈಕಲ್ ಇಳಿಯುವ ರಸ್ತೆ. ಕಲ್ಲು ತೆಗೆದ ಮೇಲೆ ಕ್ವಾರಿಯಲ್ಲಿ ಉಳಿಯುವುದು ಗೋಡೆ ಹಾಗೆ ಎದ್ದು ನಿಂತಿರುತ್ತದೆ. ಅದಕ್ಕೆ ನಮ್ಮಲ್ಲಿ ಮಾತಿದೆ: ದರೆ. ಗುಡ್ಡ ಕಡಿದು ಮನೆ ಕಟ್ಟಿದರೆ ಹಿತ್ತಲಲ್ಲಿ ನಿಲ್ಲುವುದು ದರೆ. ರಸ್ತೆ ಪಕ್ಕದ್ದು ದರೆ. ಅಡಿಕೆ ತೋಟದ ಅಂಚಿನದ್ದೂ ದರೆ.

ಪತ್ರಿಕೆಗಳು ‘ಧರೆ ಕುಸಿತ’ ಅಂತ ಬರೆಯುತ್ತವೆ. ತಪ್ಪು. ಧರೆ ಅಂದರೆ ಭೂಮಿ. ನಮ್ಮ ದರೆ ‘ಗಿರಿ ದರಿ’ಯ ದರಿಗೆ ಸೇರಿದ್ದು, ಸೀಳಿದ ಜಾಗ. ಇದನ್ನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ, ಇನ್ನೂ ಹೇಳುತ್ತೇನೆ. ಕೊಡಗಿನ ಗೆಳೆಯರು ‘ಬರೆ’ ಅಂದರು. ಅವರ ಊರಿನ ಬೋರ್ಡಿಗೆ ಅದೇ ಸರಿ. ಇಲ್ಲಿ ಬರೆ ಅಂದರೆ ಸುಟ್ಟ ಗಾಯ.

ಕೈಪಿಡಿಯ ಮಾತು ಬೇರೆ. ಅಲ್ಲಿ ಎಲ್ಲದಕ್ಕೂ ‘ಕುಸಿತ’ ಅಂತ ಹಾಕಬೇಡಿ, ಕೈಮುಗಿದು ಕೇಳುತ್ತೇನೆ. ಕುಸಿಯುವುದು ಮಣ್ಣು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ದಾಟಿ ಗಂಗಾವಳಿ ನದಿಗೆ ಬಂದದ್ದು ಗುಡ್ಡ ಕುಸಿತವೇ. ಗಟ್ಟಿ ಕಲ್ಲು ಹಾಗೆ ಬೀಳುವುದಿಲ್ಲ, ಅದು ತನ್ನೊಳಗಿನ ಸೀಳು ಹಿಡಿದು ಬರುತ್ತದೆ. ಸೀಳು ಹೊಂಡದ ಕಡೆ ವಾಲಿದ್ದರೆ ಮೇಲಿನ ಹಾಸು ಜಾರುತ್ತದೆ. ಎರಡು ಸೀಳು ಒಂದನ್ನೊಂದು ಕತ್ತರಿಸಿದರೆ ನಡುವಿನ ಕಲ್ಲು ಬೆಣೆ ಹಾಗೆ ಕಳಚುತ್ತದೆ. ನೆಟ್ಟಗೆ ನಿಂತ ಹಲಗೆಯಂಥ ಕಲ್ಲು ಮುಂದಕ್ಕೆ ಮಗುಚುತ್ತದೆ. ಜಾರು, ಕಳಚು, ಮಗುಚು. ಇಂಗ್ಲಿಷಿನವರು ಮೂರಕ್ಕೂ ಸಾಮಾನ್ಯವಾಗಿ ‘ಫೇಲ್ಯೂರ್’ ಸೇರಿಸಿಕೊಂಡು ಹೇಳುತ್ತಾರೆ. ನಮಗೆ ಬರೀ ಕ್ರಿಯಾಪದ ಸಾಕು, ಅಲ್ವಾ?

‘ಟೆನ್ಶನ್ ಕ್ರ್ಯಾಕ್’ಗೆ, ಅಂದರೆ ಕಲ್ಲು ಹೊರಕ್ಕೆ ಎಳೆದಾಗ ದರೆಯ ನೆತ್ತಿಯಲ್ಲಿ ಬಿಡುವ ಬಿರುಕಿಗೆ, ಯಾರೋ ‘ಕರ್ಷಣ ಬಿರುಕು’ ಕೊಟ್ಟಿದ್ದಾರೆ. ಇಲ್ಲ. ಒಂದು ಕ್ವಾರಿಯ ಮೇಸ್ತ್ರಿ ನನಗೆ ದರೆಯ ನೆತ್ತಿಗೆ ಕರೆದುಕೊಂಡು ಹೋಗಿ ತೋರಿಸಿದ್ದರು. ಬಿರುಕಿನ ಆಚೆಗೊಂದು, ಈಚೆಗೊಂದು ಮೊಳೆ. ನಡುವೆ ಟೇಪ್ ಹಿಡಿದು ಅಳೆದು, ತಾರೀಕು ಸಮೇತ ಬರೆದಿಡುತ್ತಿದ್ದರು. ಮಳೆಗಾಲದಲ್ಲಿ ದಿನಕ್ಕೆರಡು ಸಲ, ಯಾಕೆಂದರೆ ಬಿರುಕಲ್ಲಿ ತುಂಬಿದ ನೀರೂ ಕಲ್ಲನ್ನು ಹೊರಕ್ಕೆ ನೂಕುತ್ತದೆ. “ಬಾಯಿ ಬಿಟ್ಟಿದೆ ನೋಡಿ. ನಿನ್ನೆಗಿಂತ ಇವತ್ತು ಜಾಸ್ತಿ, ಇವತ್ತಿಗಿಂತ ನಾಳೆ ಜಾಸ್ತಿ ಬಿಟ್ಟರೆ ಕೆಳಗೆ ಯಾರನ್ನೂ ಬಿಡೋದಿಲ್ಲ” ಅಂದರು. ದೊಡ್ಡ ಗಣಿಗಳಲ್ಲಿ ರೇಡಾರ್ ಇಟ್ಟು ನೋಡುವುದೂ ಇದನ್ನೇ. ಹಾಗಾಗಿ ‘ಬಾಯಿಬಿಟ್ಟ ಬಿರುಕು’ ಅಂತಲೇ ಬರೆಯಿರಿ. ಮಾನಿಟರಿಂಗ್‌ಗೆ ‘ನಿಗಾ’.

ನಿಗಾ ಪಾರಸಿ, ದರಿ ಸಂಸ್ಕೃತ, ಎರಡನ್ನೂ ಬಿಟ್ಟು ‘ಬಂಡೆಯೋರೆ ನೆಲೆನಿಲುಮೆ’ ಬಳಸಿ ಅನ್ನುವವರಿಗೆ ಒಂದೇ ಮಾತು. ಆ ಪದ ಓದಿ ಅರ್ಥ ಮಾಡಿಕೊಳ್ಳುವಷ್ಟು ಹೊತ್ತು ಕಲ್ಲು ಕಾಯುವುದಿಲ್ಲ. ಬೆಂಚನ್ನೂ, ಅಂದರೆ ಕಲ್ಲು ತೆಗೆಯುತ್ತಾ ದರೆಯಲ್ಲಿ ಮೆಟ್ಟಿಲಿನ ಹಾಗೆ ಬಿಡುವ ಹಂತವನ್ನೂ, ‘ಸೋಪಾನ’ ಮಾಡಬೇಡಿ. 1961ರ ಲೋಹಗಣಿ ನಿಯಮಗಳು ಗಟ್ಟಿ ಕಲ್ಲಿನ ಬೆಂಚಿಗೆ 6 ಮೀಟರ್ ಎತ್ತರದ ಮಿತಿ ಹಾಕಿದ್ದವು. ಆ ಆರು ಮೀಟರನ್ನು ಕಣ್ಣಳತೆಯಲ್ಲಿ ಹೇಳುವ ಕೆಲಸಗಾರ ಅದನ್ನು ಬೆಂಚು ಅಂತಲೇ ಕರೆಯುತ್ತಾನೆ. ಎರವಲು ಬೇಡ ಅನ್ನುವ ಜಗಳ ಆಮೇಲೆ ಮಾಡೋಣ, ನಾನೂ ಬರುತ್ತೇನೆ.

ವಿಜಯಪುರದಿಂದ ಬಂದವರಿಗೆ ದರೆ ತಿಳಿಯದು ಅನ್ನುವ ಆಕ್ಷೇಪ ಮಾತ್ರ ನ್ಯಾಯವಾದದ್ದು. ಅದಕ್ಕೆ ಪಕ್ಕದಲ್ಲಿ ಕಲ್ಲು ಬೀಳುವ ಚಿತ್ರ ಬರೆಸಿ.

ಕೈಪಿಡಿಯ ತಲೆಬರಹ: ‘ದರೆಯ ಭದ್ರತೆ: ತಪಾಸಣೆ, ನಿಗಾ’. ಬೋರ್ಡ್: ‘ದರೆ ಜರಿಯುತ್ತದೆ. ಬುಡದಲ್ಲಿ ನಿಲ್ಲಬೇಡಿ. ಹೊಸ ಬಿರುಕು ಕಂಡರೆ ಕೂಡಲೇ ಹೇಳಿ.’

ನಾಳೆ ಪೇಂಟರ್ ಪಕ್ಕದಲ್ಲೇ ನಿಂತಿರಿ. ದಕಾರದ ಹೊಟ್ಟೆ ಸೀಳದೆ ಬರೆಯಲಿ.