ಮಗಳ ಹಲ್ಲಿಗೆ ಎನಾಮೆಲ್ ಇಲ್ಲ, ಕಿಡ್ನಿ ಸ್ಕ್ಯಾನ್ ಏಕೆ?

ಪ್ರಶ್ನೆ: ಒಂಬತ್ತು ವರ್ಷದ ಮಗಳ ಹಲ್ಲುಗಳು ಹುಟ್ಟಿನಿಂದಲೇ ಹಳದಿ. ಬಿದ್ದ ಹಾಲುಹಲ್ಲಿನ ಜಾಗದಲ್ಲಿ ಹೊಸದು ಬಂದಿಲ್ಲ, ಒಸಡು ದಪ್ಪವಾಗಿದೆ. ದಂತವೈದ್ಯರು ಕಿಡ್ನಿ ಸ್ಕ್ಯಾನ್ ಮಾಡಿಸಲು ಹೇಳಿದ್ದಾರೆ. ಮೂತ್ರದ ತೊಂದರೆ ಏನೂ ಇಲ್ಲದಿರುವಾಗ ಇದು ಬೇಕೇ? ಅನುಭವವಿದ್ದವರು ತಿಳಿಸಿ.

ಉತ್ತರ: ಖಂಡಿತ ಮಾಡಿಸಿ, ಮುಂದೂಡಬೇಡಿ. ನನ್ನ ಮಗನಿಗೂ ಹೀಗೇ ಇತ್ತು. ಎನಾಮೆಲ್ ರೀನಲ್ ಸಿಂಡ್ರೋಮ್ ಎಂದು ಗೊತ್ತಾಯಿತು, ಅಂದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಬೆಳೆಯದೆ, ಕಿಡ್ನಿಯಲ್ಲಿ ಕ್ಯಾಲ್ಸಿಯಂ ಕಟ್ಟಿಕೊಳ್ಳುವ ಅನುವಂಶೀಯ ಕಾಯಿಲೆ. ದವಡೆಯ ಎಕ್ಸ್‌ರೇಯಲ್ಲಿ ಶಾಶ್ವತ ಹಲ್ಲುಗಳು ಮೂಳೆಯೊಳಗೇ ಕುಳಿತಿದ್ದವು, ಅವುಗಳ ಮೇಲೆ ಎನಾಮೆಲಿನ ಬಿಳಿ ಗೆರೆಯೇ ಇರಲಿಲ್ಲ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಸರಿಯಾಗಿತ್ತು, ನೋವೂ ಇರಲಿಲ್ಲ. ಆದರೂ ಅಲ್ಟ್ರಾಸೌಂಡ್‌ನಲ್ಲಿ ಎರಡೂ ಕಿಡ್ನಿಗಳಲ್ಲಿ ಕ್ಯಾಲ್ಸಿಯಂ ಕಟ್ಟಿಕೊಂಡಿದ್ದು ಕಂಡಿತು. ಬರೀ ರಕ್ತಪರೀಕ್ಷೆ ನಂಬಿ ಕೂತಿದ್ದರೆ ತಿಳಿಯುತ್ತಲೇ ಇರಲಿಲ್ಲ. ಈಗ ಮಕ್ಕಳ ಕಿಡ್ನಿ ತಜ್ಞರು ಆಗಾಗ ಮೂತ್ರ ಪರೀಕ್ಷೆ, ಸ್ಕ್ಯಾನ್ ಮಾಡಿಸುತ್ತಾರೆ. ಹಲ್ಲಿಗೆ ಒಳ್ಳೆಯದೆಂದು ಯಾರಾದರೂ ಹೇಳಿದ ಕ್ಯಾಲ್ಸಿಯಂ, ವಿಟಮಿನ್ ಡಿ ಟಾನಿಕ್‌ಗಳನ್ನು ಕಿಡ್ನಿ ತಜ್ಞರನ್ನು ಕೇಳದೆ ಕೊಡಬೇಡಿ. ತಣ್ಣೀರು ತಾಕಿದರೆ ಮಗ ಮುಖ ಕಿವುಚುತ್ತಿದ್ದ. ಉಗುರುಬೆಚ್ಚಗಿನ ನೀರು, ಮೆತ್ತಗಿನ ಬ್ರಷ್ ಕೊಟ್ಟೆವು, ದವಡೆ ಹಲ್ಲುಗಳಿಗೆ ಸ್ಟೀಲ್ ಕ್ಯಾಪ್ ಹಾಕಿಸಿದೆವು. ಚಾಕೊಲೇಟ್ ತಿಂದು ಹಾಳಾಯಿತೆಂದು ಮಗುವನ್ನು ಬೈಯುವವರಿಗೆ ದಯವಿಟ್ಟು ಅಲ್ಲಿಯೇ ಉತ್ತರ ಕೊಡಿ. ಆ ಮಾತು ಕೇಳಿ ಕೇಳಿ ನನ್ನ ಮಗ ಬಾಯಿ ಮುಚ್ಚಿಕೊಂಡು ನಗುವುದನ್ನು ಕಲಿತ.

ಮತ್ತೊಬ್ಬರು: ನನ್ನ ಹೆಂಡತಿ ನನ್ನ ಅಕ್ಕನ ಮಗಳು. ಈ ಕಾಯಿಲೆಗೆ ಕಾರಣ ಎಫ್‌ಎಎಂ20ಎ ಎಂಬ ಜೀನ್. ತಂದೆ ತಾಯಿ ಇಬ್ಬರಿಂದಲೂ ಅದರ ದೋಷ ಬಂದರೆ ಮಾತ್ರ ಮಗುವಿಗೆ ಕಾಯಿಲೆ. ಆ ದೋಷ ಹೊತ್ತಿದ್ದರೂ ನಾವಿಬ್ಬರೂ ಆರೋಗ್ಯವಾಗಿಯೇ ಇದ್ದೇವೆ, ಆದರೂ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸಂಬಂಧದಲ್ಲಿ ಮದುವೆಯಾಗದವರಿಗೂ ಬರಬಹುದು, ಹಾಗಾಗಿ ಹಿರಿಯರನ್ನು ದೂರುತ್ತಾ ಕೂರಬೇಡಿ. ಮಗಳಿಗೆ ಈ ಕಾಯಿಲೆಯೇ ಎಂದಾದರೆ ಅವಳ ಒಡಹುಟ್ಟಿದವರನ್ನೂ ತೋರಿಸಿ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಅನುವಂಶೀಯ ಕಾಯಿಲೆಗಳ ವಿಭಾಗವಿದೆ. ಹೋಗುವಾಗ ದವಡೆಯ ಎಕ್ಸ್‌ರೇ, ಸ್ಕ್ಯಾನ್ ವರದಿ ಎರಡನ್ನೂ ಒಯ್ಯಿರಿ. ಹಲ್ಲಿನವರು ಕಿಡ್ನಿ ನೋಡುವುದಿಲ್ಲ, ಕಿಡ್ನಿಯವರು ಬಾಯಿ ತೆರೆಸುವುದಿಲ್ಲ. ಎರಡನ್ನೂ ಒಂದೇ ಮೇಜಿನ ಮೇಲೆ ಇಡಬೇಕಾದವರು ನಾವೇ.