ಸಹಾಯ ಬೇಕು: ‘ಲೆ ಮಿಸೆರಾಬ್ಲ್’ ಫ್ರೆಂಚ್‌ನಲ್ಲೇ ಓದಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ಈ ಕಾದಂಬರಿಯನ್ನು ಮೂಲದಲ್ಲೇ ಓದುತ್ತಿದ್ದೇನೆ. ಐದು ಭಾಗಗಳಲ್ಲಿ ಒಂದು ಮುಗಿದಿದೆ. ಬಿಷಪ್ ಮನೆಯಲ್ಲೇ ಬೆಳ್ಳಿ ಸಾಮಾನು ಕದ್ದು ಸಿಕ್ಕಿಬಿದ್ದ ಕಥಾನಾಯಕ ಜಾನ್ ವಾಲ್‌ಜಾನ್‌ಗೆ ಬಿಷಪ್ ಬೈಯುವ ಬದಲು, ‘ಇವನ್ನೂ ಕೊಟ್ಟಿದ್ದೆನಲ್ಲಾ’ ಅಂತ ಬೆಳ್ಳಿಯ ಮೇಣದಬತ್ತಿ ಸ್ಟ್ಯಾಂಡುಗಳನ್ನೂ ಕೈಗಿಡುವ ಪುಟ ಇದೆಯಲ್ಲ, ಅದನ್ನು ಫ್ರೆಂಚ್‌ನಲ್ಲಿ ಓದಿ ಕಣ್ಣು ತುಂಬಿ ಬಂತು.

ಮಾತಿನಲ್ಲಿ ಬಳಸದ ಪಾಸೆ ಸಿಂಪ್ಲ್ ಎಂಬ ಭೂತಕಾಲದ ಕ್ರಿಯಾರೂಪಗಳು ಈಗ ರೂಢಿಯಾಗಿವೆ. ಕಷ್ಟ ಎರಡನೇ ಭಾಗದ ಶುರುವಿನಲ್ಲಿ. ವಾಟರ್‌ಲೂ ಯುದ್ಧಕ್ಕೇ 19 ಅಧ್ಯಾಯ! ಉಗೊಮೋಂ ತೋಟದ ಮನೆ, ಕುದುರೆಗಳು ಬಿದ್ದು ಸಾಯುವ ತಗ್ಗು ರಸ್ತೆ, ಸೇನಾಪತಿಗಳ ಹೆಸರುಗಳು, ಯಾರು ಎಲ್ಲಿ ನಿಂತಿದ್ದಾರೆ ಅನ್ನೋದೇ ತಲೆಗೆ ಹೋಗುತ್ತಿಲ್ಲ. ಹಾರಿಸಿ ಹೋಗೋಣ ಅಂದ್ರೆ ಮನಸ್ಸು ಒಪ್ಪಲ್ಲ, ಅದರ ಕೊನೆಯ ಅಧ್ಯಾಯದಲ್ಲಿ ಕಾದಂಬರಿಯ ದುಷ್ಟ ಪಾತ್ರ ತೆನಾರ್ದಿಯೆ ರಾತ್ರಿ ಹೆಣಗಳ ಜೇಬು ತಡಕುವುದು ಮುಂದಿನ ಕಥೆಗೆ ಬೇಕೇ ಬೇಕು ಅಲ್ವಾ?

ಯುದ್ಧಭೂಮಿಯ ನಕ್ಷೆ, ಅಡಿಟಿಪ್ಪಣಿ ಎರಡೂ ಇರುವ ಫ್ರೆಂಚ್ ಆವೃತ್ತಿ ಯಾವುದು? ನಿಧಾನವಾಗಿ, ಸ್ಪಷ್ಟವಾಗಿ ಓದಿರುವ ಆಡಿಯೋ ಗೊತ್ತಿದ್ದರೂ ಹೇಳಿ, ಕೇಳುತ್ತಾ ಓದಿದರೆ ಉದ್ದ ವಾಕ್ಯಗಳು ಬೇಗ ಬಿಡಿಸಿಕೊಳ್ಳುತ್ತವೆ. ನಾಲ್ಕನೇ ಭಾಗದಲ್ಲಿ ಕಳ್ಳರ ಆಡುಭಾಷೆ ಜಾಸ್ತಿ ಬರುತ್ತದಂತೆ, ಅದಕ್ಕೆ ಯಾವ ನಿಘಂಟು ಇಟ್ಟುಕೊಂಡಿದ್ರಿ? ಜೊತೆಗೆ ಓದುವವರು ಸಿಕ್ಕರೆ ಇನ್ನೂ ಖುಷಿ, ವಾರಕ್ಕೊಮ್ಮೆ ಮಾತಾಡಬಹುದು.