ಸಹಾಯ ಬೇಕು: ‘ಎನಿಮಿ ಕಾಂಬ್ಯಾಟಂಟ್’ ಗೆರೆ ಎಲ್ಲಿ?

ಎಲ್ಲರಿಗೂ ನಮಸ್ಕಾರ. ಎಲ್‌ಎಲ್‌ಬಿ ಕೊನೆ ವರ್ಷದಲ್ಲಿದ್ದೇನೆ. ಸೆಮಿನಾರ್‌ಗೆ ಗ್ವಾಂಟನಾಮೊ (ಕ್ಯೂಬಾದಲ್ಲಿರುವ ಅಮೆರಿಕದ ಸೇನಾ ಜೈಲು) ಕೈದಿಗಳ ವಿಷಯ ತೆಗೆದುಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ. ‘ಎನಿಮಿ ಕಾಂಬ್ಯಾಟಂಟ್’, ಅಂದರೆ ಶತ್ರುಪಕ್ಷದ ಹೋರಾಟಗಾರ ಎಂದು ಯಾರನ್ನು ಬಂಧಿಸಿಡಬಹುದು ಎಂಬುದೇ ಪ್ರಶ್ನೆ.

1942ರ ಕ್ವಿರಿನ್ ಪ್ರಕರಣ ಅರ್ಥವಾಯಿತು. ಸಬ್‌ಮರೀನ್‌ನಲ್ಲಿ ಅಮೆರಿಕಕ್ಕೆ ಬಂದ ಜರ್ಮನ್ನರು ಸಮವಸ್ತ್ರ ಬಿಟ್ಟು ವಿಧ್ವಂಸಕ್ಕೆ ಇಳಿದಿದ್ದರು, ಹಾಗಾಗಿ ಯುದ್ಧಕೈದಿಯ ರಕ್ಷಣೆ ಇಲ್ಲ. ಸರಿ. ಆದರೆ 2004ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ‘ಎನಿಮಿ ಕಾಂಬ್ಯಾಟಂಟ್’ಗೆ ಕೊಟ್ಟ ವ್ಯಾಖ್ಯೆ ನೋಡಿ: ತಾಲಿಬಾನ್, ಅಲ್ ಖೈದಾ ಅಥವಾ ಜೊತೆಗಾರ ಪಡೆಗಳ ಭಾಗವಾಗಿದ್ದವರು, ಇಲ್ಲವೇ ಅವರಿಗೆ ಬೆಂಬಲ ಕೊಟ್ಟವರು. ಈ ‘ಬೆಂಬಲ’ ಎಲ್ಲಿಗೆ ನಿಲ್ಲುತ್ತದೆ? ಅದೇ ವರ್ಷ ಹಮ್ದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಮೆರಿಕದ ಪ್ರಜೆಯಾದರೆ ತಟಸ್ಥ ನಿರ್ಣಾಯಕರ ಮುಂದೆ ಆರೋಪ ಪ್ರಶ್ನಿಸಲು ಅವಕಾಶ ಕೊಡಬೇಕು ಎಂದಿತು. 2008ರ ಬೂಮೆಡಿಯೆನ್ ತೀರ್ಪು ಗ್ವಾಂಟನಾಮೊದ ವಿದೇಶಿಯರಿಗೂ ಹೇಬಿಯಸ್ ಕಾರ್ಪಸ್ (ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕು) ಕೊಟ್ಟಿತು. ಆದರೂ ವ್ಯಾಖ್ಯೆಯ ಗೊಂದಲ ಹಾಗೇ ಉಳಿಯಿತು, ಅಲ್ವಾ?

2009ರಲ್ಲಿ ಒಬಾಮಾ ಸರ್ಕಾರ ಆ ಹೆಸರನ್ನೇ ಕೈಬಿಟ್ಟು, ಬೆಂಬಲ ‘ಗಣನೀಯ’ವಾಗಿರಬೇಕು ಎಂದು ಸೇರಿಸಿತು. ಮುಂದಿನ ವರ್ಷವೇ ಅಲ್ ಬಿಹಾನಿ ಪ್ರಕರಣ. ಆತ ತಾಲಿಬಾನ್ ಪರವಾಗಿದ್ದ ಪಡೆಗೆ ಅಡುಗೆ ಮಾಡುತ್ತಿದ್ದ, ಬಂದೂಕಿತ್ತು, ಹಾರಿಸಿಲ್ಲ ಎಂದ. ಡಿಸಿ ಸರ್ಕ್ಯೂಟ್ (ವಾಷಿಂಗ್ಟನ್‌ನ ಫೆಡರಲ್ ಮೇಲ್ಮನವಿ ಕೋರ್ಟ್) ಬಂಧನವನ್ನು ಎತ್ತಿಹಿಡಿಯಿತು. ನನಗಂತೂ ಇದು ಜಾಸ್ತಿಯಾಯಿತು ಅನಿಸುತ್ತದೆ. ಸೌಟು ಹಿಡಿದವನೂ ಹೋರಾಟಗಾರನೇ?

ಅಂತರರಾಷ್ಟ್ರೀಯ ಕಾನೂನು ಓದಿದವರು ಇದ್ದರೆ ಹೇಳಿ: ಜಿನೀವಾ ಒಪ್ಪಂದಗಳ 1977ರ ಹೆಚ್ಚುವರಿ ಪ್ರೋಟೋಕಾಲ್‌ಗಳಲ್ಲಿ ಬರುವ, ನಾಗರಿಕರು ‘ನೇರವಾಗಿ ಯುದ್ಧದಲ್ಲಿ ಪಾಲ್ಗೊಳ್ಳುವುದು’ ಎಂಬುದಕ್ಕೂ ಈ ‘ಬೆಂಬಲ’ಕ್ಕೂ ಹೇಗೆ ಹೊಂದಿಸುವುದು? ಮೂರನೇ ಜಿನೀವಾ ಒಪ್ಪಂದದ 5ನೇ ವಿಧಿಯಿಂದ (ಸೆರೆಸಿಕ್ಕವನು ಯುದ್ಧಕೈದಿಯೇ ಎಂಬ ಸಂದೇಹ ಬಂದರೆ ನ್ಯಾಯಮಂಡಳಿ ತೀರ್ಮಾನಿಸಬೇಕು ಎನ್ನುವುದು) ಶುರು ಮಾಡಲೇ? ಕನ್ನಡದಲ್ಲಿ ಒಳ್ಳೆಯ ಪದ ಹೊಳೆದರೂ ತಿಳಿಸಿ. ‘ಶತ್ರು ಯೋಧ’ ಎಂದರೆ ಸಮವಸ್ತ್ರದ ಸೈನಿಕನೇ ಕಣ್ಣಿಗೆ ಬರುತ್ತಾನೆ. ಶುಕ್ರವಾರ ಮಂಡಿಸಬೇಕು.